ಕರಗಿದ್ದು ಕಣ್ಣಿಗೆ ಕಾಣದು



ಕನ್ನಡ ಪಾಠ ಹೇಳಿ ನಿವೃತ್ತನಾದವನು ರಸಾಯನಶಾಸ್ತ್ರದ ವಿಷಯಕ್ಕೆ ಏಕೆ ಕೈಹಾಕಿದನೆಂದು ನೀವು ಕೇಳಬಹುದು. ಕಾರಣಗಳು ಎರಡು: ಒಂದು ಮಾತು, ಒಂದು ಬಾವಿ. ಮಾತು 'ಕರಗು' ಎಂಬುದು. ಬಾವಿ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿರುವ ನನ್ನ ಊರು ಕುರ್ಡಿಯದು.

ನಮ್ಮ ನುಡಿಯಲ್ಲಿ ಬೆಣ್ಣೆಯೂ ಕರಗುತ್ತದೆ, ಉಪ್ಪೂ ಕರಗುತ್ತದೆ, ಮನಸ್ಸೂ ಕರಗುತ್ತದೆ. ಶಾಸ್ತ್ರವಾದರೋ ಇವನ್ನು ಬೇರ್ಪಡಿಸಿ ನೋಡುತ್ತದೆ. ಬೆಣ್ಣೆ ಕರಗಲು ಶಾಖವೊಂದೇ ಸಾಕು. ಉಪ್ಪು ಕರಗಲು ನೀರೆಂಬ ಇನ್ನೊಂದು ವಸ್ತು ಬೇಕು. ಉಪ್ಪಿನ ಹರಳಿನಲ್ಲಿ ಧನ ಮತ್ತು ಋಣ ವಿದ್ಯುದಂಶದ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ನೀರಿನ ಅಣುವಿಗೂ ಒಂದು ಬದಿ ಧನ, ಮತ್ತೊಂದು ಬದಿ ಋಣ. ಈ ಅಣುಗಳು ಹರಳನ್ನು ಸುತ್ತುವರಿದು ಒಂದೊಂದೇ ಕಣವನ್ನು ಬಿಡಿಸಿ ಕರೆದೊಯ್ಯುತ್ತವೆ. ಕರಗಿಸುವ ನೀರು ದ್ರಾವಕ, ಕರಗುವ ಉಪ್ಪು ದ್ರಾವ್ಯ, ಎರಡೂ ಕೂಡಿದ್ದು ದ್ರಾವಣ. ಎಣ್ಣೆಗೆ ಇಂಥ ಎರಡು ಬದಿಗಳ ಗುಣ ಇಲ್ಲವೆನ್ನುವಷ್ಟು ಕಡಿಮೆ; ಆದುದರಿಂದಲೇ ಅದು ನೀರಿನೊಡನೆ ಬೆರೆಯದು. ಆದರೆ ನೀರಿಗೆ ಒಲಿಯದ ಕರ್ಪೂರವು ಕೊಬ್ಬರಿ ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತದೆ. ಸಮಾನಶೀಲರಲ್ಲಿ ಸ್ನೇಹವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಈ ಕರಗುವಿಕೆಗೆ ಒಂದು ಮಿತಿಯುಂಟು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನೂ ಸುಮಾರು 200 ಗ್ರಾಂ ಸಕ್ಕರೆಯನ್ನೂ ಒಳಗೊಳ್ಳಬಲ್ಲದು. ಅದಕ್ಕಿಂತ ಹೆಚ್ಚಿನದು ತಳದಲ್ಲಿಯೇ ಉಳಿಯುತ್ತದೆ. ಬೆಲ್ಲವನ್ನು ಕುಟ್ಟಿ ಪುಡಿಮಾಡಿ ಕಲಕಿದರೆ ಬೇಗ ಕರಗುತ್ತದೆ ನಿಜ. ಆದರೆ ವೇಗ ಹೆಚ್ಚಿತೇ ಹೊರತು ಮಿತಿ ಹೆಚ್ಚಲಿಲ್ಲ. ಮಿತಿಯನ್ನು ಬದಲಿಸುವವುಗಳಲ್ಲಿ ಶಾಖ ಮುಖ್ಯವಾದುದು. ಕುದಿಯುವ ನೀರಿನಲ್ಲಿ ಸಕ್ಕರೆ ಎರಡು ಪಟ್ಟಿಗೂ ಹೆಚ್ಚು ಕರಗುತ್ತದೆ. ಉಪ್ಪು ಮಾತ್ರ 39 ಗ್ರಾಮಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಸುಣ್ಣದ ಸ್ವಭಾವ ಇದಕ್ಕೆ ವಿರುದ್ಧ, ಕಾದಷ್ಟೂ ಕಡಿಮೆ ಕರಗುತ್ತದೆ. ಅನಿಲಗಳೂ ಹಾಗೆಯೇ. ಬೇಸಗೆಯಲ್ಲಿ ಕೆರೆಯ ಮೀನುಗಳು ಮೇಲೆ ಬಂದು ಬಾಯಿಬಿಡುವುದು ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ. ಅನಿಲಕ್ಕೆ ಒತ್ತಡವೂ ಬೇಕು. ಗೋಲಿಸೋಡಾದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ಏಕೆ ಚಿಮ್ಮುತ್ತವೆಂಬುದಕ್ಕೆ 1803ರಲ್ಲಿ ಇಂಗ್ಲೆಂಡಿನ ವಿಲಿಯಂ ಹೆನ್ರಿ ನಿರೂಪಿಸಿದ ನಿಯಮವೇ ಉತ್ತರ.

ಇನ್ನು ಬಾವಿಯ ಮಾತು. ನಮ್ಮ ಓಣಿಯಲ್ಲಿ ಹಳೆಯದೊಂದು ಸವುಳು ಬಾವಿ ಇತ್ತು. ಅದರ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಕೊಡುತ್ತಿರಲಿಲ್ಲ. ನಾನು ಹೊಸದಾಗಿ ಅಧ್ಯಾಪಕನಾದ ದಿನಗಳಲ್ಲಿ ಅಲ್ಲಿಯೇ ಒಂದು ಕೊಳವೆಬಾವಿ ಬಂದಿತು. ನೀರು ಸಿಹಿ, ತಿಳಿ. ಬೇಳೆ ಹೂವಿನಂತೆ ಅರಳಿತು. ನನ್ನ ತಾಯಿ ಆ ನೀರಿಗೆ ಕೈಮುಗಿದಳು. ಹಳೆಯ ಬಾವಿಯನ್ನು ಇನ್ನು ಬಿಟ್ಟುಬಿಡಿರೆಂದು ಓಣಿಯವರಿಗೆಲ್ಲ ಹೇಳಿದವರಲ್ಲಿ ನಾನೂ ಒಬ್ಬ. ಓದಿದವನ ಮಾತೆಂದು ಅವರು ನಂಬಿದರು.

ವರ್ಷಗಳು ಕಳೆದವು. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಕಂದು ಗೆರೆಗಳು ಮೂಡಿದವು. ಹಲ್ಲುಜ್ಜದ ಸೋಮಾರಿಗಳೆಂದು ಶಾಲೆಯಲ್ಲಿ ಗದರಿದರು. ಬೂದಿ, ಇದ್ದಿಲು, ಇಟ್ಟಿಗೆಪುಡಿ ಎಲ್ಲವೂ ಆದವು. ನನ್ನ ತಂಗಿಯ ಮಗಳನ್ನು ನೋಡಲು ಬಂದ ಬೀಗರು ಅವಳು ನಕ್ಕದ್ದನ್ನು ಕಂಡು ಸುಮ್ಮನೆ ಎದ್ದುಹೋದರು. ಅಂದಿನಿಂದ ಆ ಹುಡುಗಿ ಸೆರಗನ್ನು ಬಾಯಿಗೆ ಅಡ್ಡ ಹಿಡಿಯದೆ ನಕ್ಕುದನ್ನು ನಾನು ಕಾಣಲಿಲ್ಲ. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರು ಎರಡು ಬಾವಿಗಳ ನೀರನ್ನೂ ಪರೀಕ್ಷಿಸಿ ನೋಡಿದರು. ಸವುಳು ನೀರಿನ ಫ್ಲೋರೈಡ್ ಮಿತಿಯೊಳಗಿತ್ತು. ಸಿಹಿನೀರಿನದು ಮಿತಿಯನ್ನು ಮೀರಿತ್ತು.

ಇದರ ಗುಟ್ಟು ಕರಗುವಿಕೆಯಲ್ಲಿಯೇ ಇದೆ. ನಮ್ಮ ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡುಳ್ಳ ಖನಿಜಗಳಿವೆ. ಅವುಗಳಲ್ಲಿ ಒಂದಾದ ಕ್ಯಾಲ್ಸಿಯಂ ಫ್ಲೋರೈಡ್ ಶುದ್ಧಜಲದ ಒಂದು ಲೀಟರಿನಲ್ಲಿ ಸುಮಾರು 16 ಮಿಲಿಗ್ರಾಂ ಮಾತ್ರ ಕರಗುತ್ತದೆ. ನೀರಿನಲ್ಲಿ ಮೊದಲೇ ಕ್ಯಾಲ್ಸಿಯಂ ತುಂಬಿದ್ದರೆ ಅಷ್ಟೂ ಕರಗದು. ತನ್ನವರೇ ಕುಳಿತ ಪಂಕ್ತಿಯಲ್ಲಿ ಹೊಸಬನಿಗೆ ಎಡೆ ಸಿಗದ ಹಾಗೆ. ಆದರೆ ಸೋಡಿಯಂ, ಬೈಕಾರ್ಬೊನೇಟುಗಳು ಹೆಚ್ಚಿರುವ ಕಡೆ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಹೊರಬೀಳುತ್ತದೆ. ಎರೆಹೊಲವನ್ನು ಅಗೆದರೆ ಸಿಗುವ ಬಿಳಿಯ ಗರಸು ಅದೇ. ಹೀಗೆ ಎಡೆ ತೆರವಾದ ನೀರು, ಬಂಡೆಯ ಬಿರುಕುಗಳಲ್ಲಿ ಬಹುಕಾಲ ತಂಗಿ, ಫ್ಲೋರೈಡನ್ನು ತುಂಬಿಕೊಳ್ಳುತ್ತದೆ. ಬೇಳೆಯನ್ನು ಬೇಯಗೊಡದಿದ್ದ ಕ್ಯಾಲ್ಸಿಯಮ್ಮೇ ನಮ್ಮ ಮಕ್ಕಳ ಹಲ್ಲುಗಳನ್ನು ಕಾಯುತ್ತಿತ್ತು. ನಾವು ಕಾವಲುಗಾರನನ್ನು ಬೈದು ಕಳುಹಿಸಿದ್ದೆವು.

ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು. ಬೇರೆ ನೀರಿಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು. ಅದನ್ನು ಬಹಳವಾಗಿ ಮೀರಿದ ನೀರನ್ನು ದೀರ್ಘಕಾಲ ಕುಡಿದರೆ ಎಲುಬು, ಕೀಲುಗಳೂ ಬಿಗಿಯುತ್ತವೆ. ನಮ್ಮ ದೇಶದಲ್ಲಿ ಈ ರೋಗವನ್ನು 1937ರಲ್ಲಿಯೇ ನೆಲ್ಲೂರು ಸೀಮೆಯಲ್ಲಿ ಗುರುತಿಸಿದ್ದರು. ತಾಯಂದಿರು ಒಂದು ಮಾತನ್ನು ನೆನಪಿನಲ್ಲಿಡಬೇಕು: ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಕರಗಿದ್ದು ಸೋಸುವಿಕೆಗೆ ಸಿಕ್ಕದು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕವನ್ನೂ ಸುಣ್ಣವನ್ನೂ ಅಳತೆಯರಿತು ಬೆರೆಸಿದಾಗ ಫ್ಲೋರೈಡಿನ ಬಹುಭಾಗ ಗಷ್ಟಕ್ಕೆ ಅಂಟಿ ತಳ ಸೇರುತ್ತದೆ. ಇದನ್ನು ಬಲ್ಲವರ ಮೇಲ್ವಿಚಾರಣೆಯಲ್ಲಿಯೇ ಮಾಡಬೇಕು. ಬಂಡೆಯ ಸಂಗ ಮಾಡದ ಮಳೆನೀರನ್ನು ಶುಚಿಯಾಗಿ ಹಿಡಿದಿಡುವುದು ಇನ್ನೊಂದು ದಾರಿ. ಎಲ್ಲಕ್ಕಿಂತ ಮೊದಲು, ಕುಡಿಯುವ ನೀರನ್ನು ಪರೀಕ್ಷೆಗೆ ಕಳುಹಿಸಿರಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ನಮ್ಮ ಓಣಿಯ ಮಕ್ಕಳು ನೀರು ಕುಡಿದೇ ಲವಣ ತಿಂದರು, ತಪ್ಪು ಅವರದಾಗಿರಲಿಲ್ಲ. ನಾಲಗೆಯ ಸಾಕ್ಷಿಯನ್ನು ಮಾತ್ರ ನಂಬಿ ತೀರ್ಪು ಹೇಳಿದವನು ನಾನು. ನೀವು ಹಾಗೆ ಮಾಡದಿರಲೆಂದು ಇಷ್ಟನ್ನು ಅರಿಕೆ ಮಾಡಿದ್ದೇನೆ.