ನೀರು ಕಡಿಮೆ ಬೇಡುವ ಹೂವು: ಕೈತೋಟದಲ್ಲಿ, ಕುಂಡದಲ್ಲಿ ವಾಡಾಮಲ್ಲಿ

(ವೈಟ್‌ಫೀಲ್ಡ್‌ನಲ್ಲಿ ನೆಲೆಸಿರುವ ಮಲೆನಾಡಿನ ಕುಟುಂಬಗಳು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೂವಿನ ವಿಚಾರವಾಗಿ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ನೀರಿನಿಂದ ಆರಂಭಿಸುತ್ತೇನೆ. ವೈಟ್‌ಫೀಲ್ಡ್‌ನಲ್ಲಿ ಗಿಡ ಬೆಳೆಸುವ ಮಾತನ್ನು ಬೇರೆ ಎಲ್ಲಿಂದ ಆರಂಭಿಸಿದರೂ ಅದು ಕೊನೆಗೆ ನೀರಿಗೇ ಬಂದು ನಿಲ್ಲುತ್ತದೆ.

2023ರ ಮುಂಗಾರು ಕೈಕೊಟ್ಟಿತು. ಮರುವರ್ಷದ ಬೇಸಿಗೆಗೆ ಈ ಭಾಗದ ಕೊಳವೆಬಾವಿಗಳು ಬತ್ತಿದವು. 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಹಾಕುವುದನ್ನೂ ವಾಹನ ತೊಳೆಯುವುದನ್ನೂ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ನಗರಕ್ಕೆ ಸೇರಿಸಿದ ಹೊರವಲಯದ 110 ಹಳ್ಳಿಗಳಿಗಾಗಿ ಕಾವೇರಿ ಐದನೆಯ ಹಂತದ ಯೋಜನೆ ಆರಂಭವಾಯಿತು. ಅದರ ಸಾಮರ್ಥ್ಯ ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್. ನೀರು ಬಂತು, ಸಮಾಧಾನವೂ ಆಯಿತು. ಆದರೆ ಆ ನೀರು ಯಾವುದು? ಕೊಡಗಿನ ಬೆಟ್ಟಗಳ ಮೇಲೆ ಸುರಿದ ಮಳೆ. ಅದನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ, ವಿದ್ಯುತ್ತಿನ ಬಲದಿಂದ ಎತ್ತಿ ತರಲಾಗುತ್ತದೆ. ಇಲ್ಲಿ ಕುಳಿತಿರುವ ನಾವು ಬೆಟ್ಟದ ಕಡೆಯವರು. ನಮ್ಮ ಊರಿನ ಹಳ್ಳ ಹರಿದು ಹೋಗಿ ಇಲ್ಲಿ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಕೇಳುವ ಹಕ್ಕೂ ನಮಗಿದೆ, ಲೆಕ್ಕ ಒಪ್ಪಿಸುವ ಹೊಣೆಯೂ ಇದೆ.

ಒಂದು ಲೆಕ್ಕವನ್ನು ಮಾಡೋಣ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹುಲ್ಲುಹಾಸು ಹಸಿರಾಗಿ ಉಳಿಯಬೇಕಾದರೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರ್ ನೀರು ಬೇಕು. ನೂರು ಚದರ ಮೀಟರಿನ ಹಾಸಿಗೆ 500 ಲೀಟರ್. ಅಂದರೆ 6,000 ಲೀಟರಿನ ಒಂದು ಟ್ಯಾಂಕರ್ ಹನ್ನೆರಡು ದಿನಕ್ಕೆ ಮುಗಿಯಿತು. ಆ ಹುಲ್ಲನ್ನು ದನ ಮೇಯುವುದಿಲ್ಲ, ಮಕ್ಕಳು ತುಳಿಯುವಂತಿಲ್ಲ. ನಾನು ಇಂದು ಹೇಳಹೊರಟಿರುವ ಹೂವಿನ ಹತ್ತು ಕುಂಡಗಳಿಗೆ ಅದೇ ಬಿಸಿಲಿನಲ್ಲಿ ಐದಾರು ಲೀಟರ್ ಸಾಕು. ಅಕ್ಕಿ ತೊಳೆದ ನೀರು, ಸೊಪ್ಪು ತರಕಾರಿ ತೊಳೆದ ನೀರು ಸೇರಿದರೆ ಆ ಪ್ರಮಾಣ ಒಂದು ಅಡುಗೆಮನೆಯಿಂದಲೇ ದೊರೆಯುತ್ತದೆ.

ಈ ಹೂವಿನ ಹೆಸರು ಊರಿಗೊಂದು. ರುದ್ರಾಕ್ಷಿ ಹೂ ಎನ್ನುವವರಿದ್ದಾರೆ, ಗುಂಡು ಹೂ ಎನ್ನುವವರಿದ್ದಾರೆ. ಇಲ್ಲಿಯ ಹೂವಿನ ಗಾಡಿಗಳಲ್ಲಿ ಕೇಳಬೇಕಾದರೆ ತಮಿಳಿನ ವಾಡಾಮಲ್ಲಿ ಎಂಬ ಹೆಸರೇ ಅನುಕೂಲ. ತಮಿಳಿನ ‘ವಾಡು’ ನಮ್ಮ ‘ಬಾಡು’. ವಾಡಾಮಲ್ಲಿ ಎಂದರೆ ಬಾಡದ ಮಲ್ಲಿಗೆ. ಮಲ್ಲಿಗೆಗೂ ಇದಕ್ಕೂ ಯಾವ ನಂಟೂ ಇಲ್ಲ, ಪರಿಮಳವಂತೂ ಇಲ್ಲವೇ ಇಲ್ಲ. ಇದು ಹರಿವೆ, ದಂಟು, ಕೋಳಿಜುಟ್ಟು, ಉತ್ತರಾಣಿ, ಹೊನಗೊನ್ನೆಗಳ ಕುಟುಂಬಕ್ಕೆ ಸೇರಿದ ಗಿಡ. ಸಸ್ಯಶಾಸ್ತ್ರದಲ್ಲಿ ಗೊಂಫ್ರೀನಾ ಗ್ಲೋಬೋಸಾ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು. ಮೂಲ ನೆಲೆ ಮಧ್ಯ ಮತ್ತು ದಕ್ಷಿಣ ಅಮೆರಿಕ.

ನಾವು ಹೂವೆಂದು ಕರೆಯುವ ಆ ನೇರಳೆ ಗುಂಡು ನಿಜವಾಗಿ ಹೂವಲ್ಲ. ಒತ್ತೊತ್ತಾಗಿ ಜೋಡಿಸಿಕೊಂಡ, ಕಾಗದದಷ್ಟು ಒಣಗಿದ ಹೂಪತ್ರಗಳು ಅವು. ಹತ್ತಿರದಿಂದ ನೋಡಿದರೆ ಅವುಗಳ ಸಂದಿನಲ್ಲಿ ಎಳ್ಳಿನಷ್ಟು ಚಿಕ್ಕ, ಬಿಳಿ ಹಳದಿಯ ನಿಜವಾದ ಹೂಗಳು ಇಣುಕುತ್ತಿರುತ್ತವೆ. ಚಿಟ್ಟೆಗಳು ಬರುವುದು ಅವುಗಳಿಗಾಗಿ. ಹೂಪತ್ರಗಳಲ್ಲಿ ಮೊದಲೇ ನೀರು ಕಡಿಮೆ. ಆದ್ದರಿಂದ ಗಿಡದಿಂದ ಬಿಡಿಸಿದರೂ ಅವು ಮುದುಡುವುದಿಲ್ಲ. ಬಣ್ಣವೂ ಬೇಗ ಮಾಸುವುದಿಲ್ಲ. ಅದು ಬೀಟ್‌ರೂಟಿನ ಕೆಂಪಿನ ಜಾತಿಗೇ ಸೇರಿದ ಬಣ್ಣ. ನೇಪಾಳದಲ್ಲಿ ತಿಹಾರ್ ಹಬ್ಬದ ಭಾಯಿ ಟೀಕಾ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರ ಕೊರಳಿಗೆ ಇದೇ ಹೂವಿನ ಮಾಲೆ ಹಾಕುತ್ತಾರೆ. ಅಲ್ಲಿ ಇದರ ಹೆಸರು ಮಖಮಲಿ. ಬಾಡದ ಹೂವು ಸೋದರನ ಆಯುಷ್ಯಕ್ಕೆ ಸಂಕೇತ. ಅವರೂ ಬೆಟ್ಟದ ಜನ.

ಇನ್ನು ಇದು ನೀರು ಕಡಿಮೆ ಬೇಡುವ ಗುಟ್ಟು. ಹೆಚ್ಚಿನ ಗಿಡಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಪಡೆಯಲು ಎಲೆಯ ರಂಧ್ರಗಳನ್ನು ಬಹುಹೊತ್ತು ತೆರೆದಿಡಬೇಕಾಗುತ್ತದೆ; ಆ ರಂಧ್ರಗಳಿಂದಲೇ ನೀರು ಆವಿಯಾಗಿ ಹೋಗುತ್ತದೆ. ರಾಗಿ, ಜೋಳ, ದಂಟು ಮತ್ತು ಈ ವಾಡಾಮಲ್ಲಿ ಬೇರೊಂದು ದಾರಿಯವು. ಎಲೆಯೊಳಗೇ ಇಂಗಾಲವನ್ನು ಒತ್ತಾಗಿ ಕೂಡಿಡುವ ವ್ಯವಸ್ಥೆ ಇವುಗಳಿಗಿದೆ. ವಿದ್ಯಾರ್ಥಿಗಳು ಇದನ್ನು ಸಿ4 ವಿಧಾನವೆಂದು ಪಠ್ಯದಲ್ಲಿ ಓದಿರುತ್ತೀರಿ. ಅಷ್ಟೇ ಬೆಳವಣಿಗೆಗೆ ಇವು ಕಡಿಮೆ ನೀರು ಕಳೆದುಕೊಳ್ಳುತ್ತವೆ. ಈ ಊರು ಹುಟ್ಟಿದ್ದೇ ಬೇಸಾಯಕ್ಕಾಗಿ ಎಂಬುದನ್ನು ಇಲ್ಲಿ ನೆನೆಯಬೇಕು. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟದ್ದು ಕೃಷಿ ವಸಾಹತು ಕಟ್ಟಲೆಂದು. ಸುತ್ತಲಿನದು ರಾಗಿಯ ಸೀಮೆ. ರಾಗಿಗೆ ಒಗ್ಗಿದ ಕೆಂಪು ಮಣ್ಣು, ಬಿಸಿಲು ಈ ಹೂವಿಗೂ ಒಗ್ಗುತ್ತವೆ.

ಬೆಳೆಸುವ ಕ್ರಮಕ್ಕೆ ಬರುತ್ತೇನೆ. ಬೀಜವು ಹತ್ತಿಯಂಥ ನವಿರು ಪೊರೆಯಲ್ಲಿ ಸುತ್ತಿಕೊಂಡಿರುತ್ತದೆ. ಹಾಗೆಯೇ ಬಿತ್ತಿದರೆ ತಡವಾಗಿ, ಒಂದೊಂದಾಗಿ ಮೊಳೆಯುತ್ತದೆ. ಅಂಗೈಯಲ್ಲಿ ಮೆಲ್ಲಗೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಬೇಕು. ಮೇಲೆ ಕಾಲು ಅಂಗುಲ ಮಣ್ಣು ಸಾಕು. ಹತ್ತು ಹದಿನಾಲ್ಕು ದಿನಗಳಲ್ಲಿ ಮೊಳಕೆ ಕಾಣುತ್ತದೆ. ನಾಲ್ಕಾರು ಎಲೆ ಬಂದ ಮೇಲೆ ಕಿತ್ತು ನೆಡುವುದು. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದು ಅಡಿ, ಹತ್ತು ಅಂಗುಲದ ಕುಂಡಕ್ಕಾದರೆ ಒಂದೇ ಗಿಡ. ಗಿಡ ಗೇಣುದ್ದ ಬೆಳೆದಾಗ ತುದಿಯನ್ನು ಚಿವುಟಲು ಮನಸ್ಸು ಬರುವುದಿಲ್ಲ, ಆದರೂ ಚಿವುಟಬೇಕು. ಚಿವುಟಿದ ಗಿಡ ಕವಲೊಡೆದು ಪೊದೆಯಾಗುತ್ತದೆ, ಕವಲಿಗೊಂದರಂತೆ ಹೂ ಬಿಡುತ್ತದೆ. ಬಿತ್ತಿದಂದಿನಿಂದ ಹೂವಿಗೆ ಎರಡೂವರೆಯಿಂದ ಮೂರು ತಿಂಗಳು. ದಸರೆಗೆ ಮನೆಯ ಹೂವೇ ಬೇಕೆಂದರೆ ಜೂನ್ ಕೊನೆಯೊಳಗೆ ಬೀಜ ಮಣ್ಣಿಗೆ ಬಿದ್ದಿರಬೇಕು.

ಇದು ಇಲ್ಲಿಯ ಮಾತು. ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಬೆಂಗಳೂರಿಗೆ ಹೇಳಿದ ಕಾಲವನ್ನು, ಏಳು ಸಾವಿರ ಮೀರುವ ಆಗುಂಬೆಗೆ ಅನ್ವಯಿಸಿದರೆ ಸಸಿ ಕೊಳೆತುಹೋಗುತ್ತದೆ. ಊರಿನಲ್ಲಿರುವ ಅಮ್ಮನಿಗೋ ಅಜ್ಜಿಗೋ ಬೀಜ ಕಳುಹಿಸುವವರು ಚೌತಿ ಕಳೆದ ಮೇಲೆ ಸೂರಿನಡಿಯ ಪಾತಿಯಲ್ಲಿ ಬಿತ್ತಿ, ಮಳೆ ಹಿಂದೆಗೆದ ಮೇಲೆ ಅಂಗಳದ ಬಿಸಿಲಿಗೆ ನೆಡಲು ತಿಳಿಸಿ. ಅಲ್ಲಿ ಹೂವು ಚಳಿಗಾಲದ ಕೊನೆಯವರೆಗೂ ನಿಲ್ಲುತ್ತದೆ.

ಕುಂಡದ ವಿಚಾರದಲ್ಲಿ ಒಂದೇ ಮುಖ್ಯ ಸಂಗತಿ: ನೀರು ನಿಲ್ಲಬಾರದು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಪೇಂಟಿನ ಹಳೆಯ ಡಬ್ಬಿಯೂ ಆದೀತು, ತಳದಲ್ಲಿ ನಾಲ್ಕೈದು ತೂತುಗಳಿದ್ದರೆ. ಬೆರಳನ್ನು ಒಂದು ಅಂಗುಲ ಆಳಕ್ಕೆ ಊರಿ ನೋಡಿ. ಒಣಗಿದ್ದರೆ ಮಾತ್ರ ನೀರು. ಈ ಗಿಡ ಸಾಯುವುದು ಹೆಚ್ಚಾಗಿ ಬಾಯಾರಿಕೆಯಿಂದಲ್ಲ, ಅಕ್ಕರೆಯಿಂದ ಹಾಕಿದ ನೀರಿಗೆ ಬೇರು ಕೊಳೆತು. ಗೊಬ್ಬರದ ಮಾತೂ ಅಷ್ಟೇ. ಯೂರಿಯಾದಂಥವನ್ನು ಹಾಕಿದರೆ ಎಲೆ ಸೊಂಪಾಗುತ್ತದೆ, ಹೂವು ಕಡಿಮೆಯಾಗುತ್ತದೆ. ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಕೊಳವೆಬಾವಿಯ ಗಡಸು ನೀರಿನ ಉಪ್ಪೆಲ್ಲ ಅದರಲ್ಲಿ ಸಾಂದ್ರವಾಗಿರುತ್ತದೆ. ನಿತ್ಯವೂ ಅದನ್ನೇ ಹಾಕಿದರೆ ಮಣ್ಣಿನ ಮೇಲೆ ಬಿಳಿಯ ಪದರು ಕಟ್ಟುತ್ತದೆ. ಬೇರೆ ನೀರಿನೊಡನೆ ಬೆರೆಸಿ ಹಾಕಿ, ಮಳೆ ಬಂದಾಗ ಕುಂಡವನ್ನು ಬಯಲಿಗಿಟ್ಟು ಉಪ್ಪು ತೊಳೆದುಹೋಗಲು ಬಿಡಿ.

ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೇಕು. ಇಲ್ಲಿಯ ಬಹುಮಹಡಿ ಕಟ್ಟಡಗಳ ಉತ್ತರ ದಿಕ್ಕಿನ ಬಾಲ್ಕನಿಗಳಲ್ಲಿ ಇದು ಸೊರಗಿ ಉದ್ದವಾಗುವುದೇ ಹೊರತು ಹೂ ಬಿಡುವುದಿಲ್ಲ; ಅಂಥವರು ತಾರಸಿಯಲ್ಲಿ ಜಾಗ ಕೇಳಿ ಪಡೆಯುವುದು ಲೇಸು. ಗಾಳಿಯಾಡದ ಮೂಲೆಯಲ್ಲಿ ಬೂದಿ ರೋಗ, ಎಲೆಚುಕ್ಕೆ, ಬಿಳಿಯ ಹಿಟ್ಟು ತಿಗಣೆ ಕಾಣಿಸಬಹುದು. ರೋಗದ ಎಲೆಗಳನ್ನು ಕಿತ್ತು ತೆಗೆಯುವುದು, ತಿಗಣೆಗೆ ಸೋಪಿನ ನೀರಿನಲ್ಲಿ ಬೇವಿನೆಣ್ಣೆ ಬೆರೆಸಿ ಸಂಜೆ ಸಿಂಪಡಿಸುವುದು, ಇಷ್ಟೇ ಉಪಚಾರ.

ಹೊರಗಿನಿಂದ ಬಂದ ಗಿಡವನ್ನು ಪರಿಸರದವರು ಹೊಗಳಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಲಂಟಾನವೂ ಚೆಲುವಾದ ಹೂವೆಂದೇ ತೋಟಕ್ಕೆ ಬಂದದ್ದು. ಬಿಳಿಗಿರಿರಂಗನ ಬೆಟ್ಟದ ಕಾಡಿನ ಗತಿ ಈಗ ಏನಾಗಿದೆಯೆಂದು ಬಲ್ಲಿರಿ. ವಾಡಾಮಲ್ಲಿ ಒಂದೇ ವರ್ಷ ಬಾಳುವ ಗಿಡ, ಇದಕ್ಕೆ ಹಕ್ಕಿಗಳು ತಿಂದು ಹರಡುವ ಹಣ್ಣಿಲ್ಲ, ಲಂಟಾನದಂತೆ ಕಾಡನ್ನು ಕವಿದದ್ದೂ ಇಲ್ಲ. ಆದರೂ ಇದೇ ಕುಲದ ಬಿಳಿ ತಲೆಯ ಒಂದು ಸಣ್ಣ ಗಿಡ ನಮ್ಮ ರಸ್ತೆಬದಿಗಳಲ್ಲಿ ಕಳೆಯಾಗಿ ಹಬ್ಬಿದೆ. ಆದ್ದರಿಂದ ಇದು ಅಂಗಳ ಮತ್ತು ಕುಂಡದಲ್ಲಿಯೇ ಇರಲಿ. ಕಾಡಂಚಿಗೆ, ಬೆಟ್ಟದ ಹುಲ್ಲುಗಾವಲಿಗೆ ಬೀಜ ಚೆಲ್ಲುವ ಉತ್ಸಾಹ ಬೇಡ.

ನನಗೆ ಈ ಗಿಡದಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಬೀಜದ ಸ್ವಾತಂತ್ರ್ಯ. ನರ್ಸರಿಯ ಅಲಂಕಾರದ ಗಿಡಗಳನ್ನು ಪ್ರತಿ ಋತುವಿನಲ್ಲೂ ಪ್ಲಾಸ್ಟಿಕ್ ಚೀಲದೊಡನೆ ಕೊಂಡು ತರುತ್ತೇವೆ, ಹೂ ಮುಗಿದೊಡನೆ ಎಸೆಯುತ್ತೇವೆ. ಇದರಲ್ಲಿ ಹಾಗಿಲ್ಲ. ಪೂರ್ತಿ ಬಲಿತ ಹೂಗಳನ್ನು ಉದ್ದ ಕಾಂಡದೊಡನೆ ಕೊಯ್ದು, ಕಟ್ಟು ಕಟ್ಟಿ, ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ. ಎರಡು ಮೂರು ವಾರಗಳಲ್ಲಿ ಒಣಗುತ್ತವೆ. ಬೇಕಾದಷ್ಟನ್ನು ಮಾಲೆಗೆ, ಬಾಗಿಲ ತೋರಣಕ್ಕೆ ಬಳಸಿ. ಅದು ತಿಂಗಳುಗಟ್ಟಲೆ ಇರುತ್ತದೆ, ಪ್ಲಾಸ್ಟಿಕ್ ತೋರಣದ ಅಗತ್ಯ ಬೀಳದು. ಗಿಡದಲ್ಲಿಯೇ ಕಂದು ಬಣ್ಣಕ್ಕೆ ತಿರುಗಿದ ನಾಲ್ಕು ಹೂಗಳನ್ನು ಬೀಜಕ್ಕೆಂದು ಕಾಗದದ ಪೊಟ್ಟಣದಲ್ಲಿಡಿ, ಮೇಲೆ ತಿಂಗಳು, ವರ್ಷ ಬರೆಯಿರಿ. ಒಂದು ಗುಂಡಿನಲ್ಲಿ ಹತ್ತಾರು ಬೀಜಗಳಿರುತ್ತವೆ.

ಬಾಗಿಲ ಬಳಿಯ ಮೇಜಿನ ಮೇಲೆ ಪೊಟ್ಟಣಗಳನ್ನು ಇಟ್ಟಿದ್ದೇವೆ. ನೇರಳೆ ಬೇರೆ, ಬಿಳಿ ಬೇರೆ. ಮನೆಗೆ ಒಂದೊಂದು ತೆಗೆದುಕೊಳ್ಳಿ. ಮುಂದಿನ ವರ್ಷ ಇದೇ ಸಭೆಗೆ ಬರುವಾಗ ನಿಮ್ಮ ಗಿಡದ ಎರಡು ಪೊಟ್ಟಣ ತನ್ನಿ, ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸೋಣ.