ತಲೆ ಗುಂಡಾದ ಬೋಲ್ಟು



ಇಂದು ನಾನು ಬೀಜದ ವಿಷಯವಾಗಲಿ ಗೊಬ್ಬರದ ವಿಷಯವಾಗಲಿ ಹೇಳಲು ಬಂದಿಲ್ಲ. ಬೆರಳಿನಷ್ಟು ದಪ್ಪನ್ನ ಒಂದು ಬೋಲ್ಟಿನ ವಿಷಯ ಹೇಳಬೇಕೆಂದಿದ್ದೇನೆ. ಬೋಲ್ಟಿನ ಸಲುವಾಗಿ ಒಂದು ಭಾಷಣವೇ ಎಂದು ನಗಬೇಡಿರಿ. ಕೈಗೆ ಬಂದ ಬೆಳೆಯನ್ನು ಒಂದು ಬೋಲ್ಟು ಒಣಗಿಸಬಲ್ಲದು.

ಹೀಗೊಂದು ಸಂದರ್ಭ ಎಣಿಸಿರಿ. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಎಡದಂಡೆ ಕಾಲುವೆ ಹೊರಟು ಸುರಪುರ, ಶಹಾಪುರದ ಕಡೆಯ ಹೊಲಗಳಿಗೆ ನೀರುಣಿಸುತ್ತದೆ. ಕಾಲುವೆಯ ತಲೆಯಲ್ಲಿ ಇದ್ದವರಿಗೆ ನೀರು ತಾನಾಗಿಯೇ ಹರಿದು ಬರುವದು. ಬಾಲದ ತುದಿಯಲ್ಲಿ ಇದ್ದವರು ತಗ್ಗಿನಲ್ಲಿ ನಿಂತ ನೀರನ್ನು ಇಂಜಿನ್ ಹಚ್ಚಿ ಎತ್ತಬೇಕು. ಯಾದಗಿರಿಯ ಕಡೆ ಭೀಮೆಯ ದಂಡೆಯವರದೂ ಇದೇ ಪಾಡು. ಕರೆಂಟಿನ ಪಂಪುಗಳು ಎಷ್ಟೇ ಬಂದಿರಲಿ, ಡೀಸೆಲ್ ಇಂಜಿನ್ ಇನ್ನೂ ನಮ್ಮ ಹೊಲ ಬಿಟ್ಟು ಹೋಗಿಲ್ಲ. ಈಗ ನೀರಿನ ಪಾಳಿ ಬಂದಿದೆ, ಭತ್ತ ತೆನೆ ಬಿಡುವ ಹೊತ್ತು. ಇಂಥದರಲ್ಲಿ ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ಟು ಸುಟ್ಟಿತು. ಹೊಸ ಗ್ಯಾಸ್ಕೆಟ್ಟು ತಂದದ್ದಾಯಿತು. ಹೆಡ್ಡು ಎತ್ತುವ ಮೊದಲು ಸೈಲೆನ್ಸರಿನ ಎರಡು ಬೋಲ್ಟು ಬಿಚ್ಚಬೇಕು. ಒಂದು ಬಿಚ್ಚಿತು. ಇನ್ನೊಂದು ಅಲುಗಲೊಲ್ಲದು.

“ಮಾವಾ, ಪಾನಾ ಜಾರ್ಲಕತ್ತದ.”

“ಜಾರಿದ್ರ ಜಾರ್ಲಿ ಬಿಡೋ, ಪೈಪ್ ಹಾಕಿ ಜೋರ್ ಮಾಡು.”

ಇಲ್ಲಿಯೇ ಕೆಲಸ ಕೆಟ್ಟಿತು, ಬಾಂಧವರೇ. ಪಾನಾ ಮೊದಲ ಸಲ ಜಾರಿದಾಗ ಬೋಲ್ಟಿನ ಆರು ಮೂಲೆಗಳು ಸ್ವಲ್ಪ ಮಾತ್ರ ಸವೆದಿದ್ದವು. ಆಗ ನಿಂತಿದ್ದರೆ ಅರ್ಧ ತಾಸಿನ ಕೆಲಸ. ಎರಡನೆಯ, ಮೂರನೆಯ ಸಲ ಜಾರಿದಾಗ ತಲೆ ಗುಂಡಗಾಯಿತು. ನಾಲ್ಕನೆಯ ಸಲ ಪೈಪ್ ಹಾಕಿ ಒತ್ತಿದಾಗ ತಲೆ ಮುರಿದು ಕೈಗೆ ಬಂತು, ಮೈ ಹೆಡ್ಡಿನೊಳಗೆ ಉಳಿಯಿತು. ಇನ್ನು ಹೆಡ್ಡನ್ನು ಲೇಥ್ ಅಂಗಡಿಗೆ ಒಯ್ಯಬೇಕು. ಅಷ್ಟರಲ್ಲಿ ನೀರಿನ ಪಾಳಿ ದಾಟಿ ಹೋಗುವದು. ಆದ್ದರಿಂದ ಇಂದಿನ ಮಾತಿನಲ್ಲಿ ಒಂದನ್ನೇ ನೆನಪಿಟ್ಟರೂ ಸಾಕು: ಪಾನಾ ಮೊದಲ ಸಲ ಜಾರಿತೋ, ಕೈ ಹಿಂದೆ ತೆಗೆಯಿರಿ.

ಬೋಲ್ಟಿನ ತಲೆ ಯಾಕೆ ಗುಂಡಾಗುವದು? ಮೊದಲನೆಯ ಕಾರಣ, ಅಳತೆ ತಪ್ಪಿದ ಪಾನಾ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ 1956ರಲ್ಲಿ ಬಂದಿತು. ಆದರೆ ಇಂಗ್ಲೆಂಡು, ಅಮೆರಿಕಗಳ ಮಾದರಿಯಿಂದ ಬಂದ ಹಳೆಯ ಇಂಜಿನ್ನುಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಇಂಚಿನ ಬೋಲ್ಟುಗಳು ಇಂದಿಗೂ ಇವೆ. ಅರ್ಧ ಇಂಚೆಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನಾ ಕೂಡುವದು, ಆದರೆ 0.3 ಮಿಲಿಮೀಟರ್ ಸಡಿಲ. ಒಂಬತ್ತು ಹದಿನಾರಾಂಶ ಇಂಚೆಂದರೆ ಸುಮಾರು 14.3 ಮಿಲಿಮೀಟರ್. ಅದಕ್ಕೆ 14ರ ಪಾನಾ ಏರುವದಿಲ್ಲ, 15ರದು ಗಿರ್ರನೆ ತಿರುಗುವದು. ಮುಕ್ಕಾಲು ಇಂಚಿಗೆ ಮಾತ್ರ 19ರ ಪಾನಾ ಸರಿಸುಮಾರು ಹೊಂದುವದು. ಇನ್ನು ವಿಟ್‌ವರ್ತ್ ಎಂಬ ಹಳೆಯ ಇಂಗ್ಲಿಷ್ ಪದ್ಧತಿಯ ಪಾನಾಗಳ ಮೇಲಿನ ಅಂಕಿ ಬೋಲ್ಟಿನ ಮೈಯ ದಪ್ಪವನ್ನು ಹೇಳುತ್ತದೆಯೇ ಹೊರತು ತಲೆಯ ಅಗಲವನ್ನಲ್ಲ. ಆದ್ದರಿಂದ ಅಂಕಿ ನಂಬಿ ಮೋಸ ಹೋಗಬೇಡಿರಿ, ಹಾಕಿ ನೋಡಿರಿ. ಸರಿಯಾದ ಪಾನಾ ತಲೆಯ ಮೇಲೆ ಕೂತಾಗ ಎಡಬಲ ಅಲುಗಾಡಬಾರದು.

ಎರಡನೆಯದು, ಪಾನಾದ ಜಾತಿ. ಬಾಯಿ ತೆರೆದ ಪಾನಾ ಎರಡೇ ಮಗ್ಗಲು ಹಿಡಿಯುತ್ತದೆ. ತಿರುಪಿ ಅಗಲ ಮಾಡುವ ಪಾನಾ ಒತ್ತಡ ಬಂದೊಡನೆ ತಾನೇ ಸಡಿಲಾಗುವದು. ಹನ್ನೆರಡು ಮೂಲೆಯ ರಿಂಗ್ ಪಾನಾ ಬೋಲ್ಟಿನ ಮೂಲೆಯ ತುದಿಯನ್ನಷ್ಟೇ ಹಿಡಿಯುವದು. ಸವೆದ ಬೋಲ್ಟಿಗೆ ಅದು ಒಳ್ಳೆಯದಲ್ಲ. ಆರು ಮೂಲೆಯ ಬಾಕ್ಸ್ ಪಾನಾ ಚಪ್ಪಟೆ ಮಗ್ಗಲುಗಳನ್ನು ಅಪ್ಪಿ ಹಿಡಿಯುತ್ತದೆ. ಕೊಳ್ಳುವದಾದರೆ ಇದನ್ನೇ ಕೊಳ್ಳಿರಿ.

ಮೂರನೆಯದು, ತುಕ್ಕು ಮತ್ತು ಮಣ್ಣು. ನಮ್ಮ ಎರೆ ಮಣ್ಣಿನ ಧೂಳು ಎಣ್ಣೆಯೊಂದಿಗೆ ಕಲೆತು ಬೋಲ್ಟಿನ ಸುತ್ತ ಗಾರೆಯಂತೆ ಗಟ್ಟಿಯಾಗುವದು. ಅದರ ಮೇಲೆ ಪಾನಾ ಹಾಕಿದರೆ ಅರ್ಧಕ್ಕೇ ನಿಲ್ಲುವದು. ಒಳಗೆ ಥ್ರೆಡ್ಡಿನಲ್ಲಿ ತುಕ್ಕು ಇರುವದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಬೋಲ್ಟು ಬೆಣೆ ಹೊಡೆದಂತೆ ಬಿಗಿಯುವದು. ಸೈಲೆನ್ಸರಿನ ಬೋಲ್ಟುಗಳಂತೂ ದಿನಾಲೂ ಕಾಯ್ದು ಆರಿ, ಕಾಯ್ದು ಆರಿ ಎಲ್ಲಕ್ಕೂ ಬಿಗಿ.

ಈಗ ಬಿಚ್ಚುವ ಬಗೆ ಹೇಳುತ್ತೇನೆ. ಮೆತ್ತಗಿನ ಉಪಾಯ ಮೊದಲು, ಗಟ್ಟಿ ಉಪಾಯ ಕಡೆಗೆ. ಮೆಟ್ಟಿಲು ಬಿಟ್ಟು ಜಿಗಿಯಬೇಡಿರಿ.

ಮೊದಲು ಇಂಜಿನ್ ಆರಲಿ. ಟ್ರ್ಯಾಕ್ಟರಿದ್ದರೆ ಗಾಲಿಗೆ ಕಲ್ಲು ಕೊಡಿರಿ, ಬ್ಯಾಟರಿಯ ತಂತಿ ಬಿಚ್ಚಿರಿ. ತಂತಿ ಬ್ರಷ್ಷಿನಿಂದ ಬೋಲ್ಟಿನ ತಲೆಯನ್ನೂ ಬುಡವನ್ನೂ ಕೆರೆದು ಸ್ವಚ್ಛ ಮಾಡಿರಿ. ಮೊಳೆಯ ತುದಿಯಿಂದ ಮೂಲೆಯ ಮಣ್ಣು ತೆಗೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಪಾನಾ ಪೂರ್ತಿ ಇಳಿದು ಕೂಡುವದು.

ಆಮೇಲೆ ಎಣ್ಣೆ ಕುಡಿಸಿರಿ. ತುಕ್ಕು ಬಿಡಿಸುವ ಎಣ್ಣೆ ಅಂಗಡಿಯಲ್ಲಿ ಸಿಗುವದು. ಸಿಗದಿದ್ದರೆ ಡೀಸೆಲಿಗೆ ಸ್ವಲ್ಪ ಇಂಜಿನ್ ಎಣ್ಣೆ ಕಲಸಿ ಬೋಲ್ಟಿನ ಬುಡಕ್ಕೆ ಹನಿಹನಿಯಾಗಿ ಬಿಡಿರಿ. ತಲೆಯ ಮೇಲೆ ಸುತ್ತಿಗೆಯಿಂದ ಹತ್ತಿಪ್ಪತ್ತು ಸಣ್ಣ ಪೆಟ್ಟು ಕೊಡಿರಿ. ಪೆಟ್ಟಿಗೆ ತುಕ್ಕು ಬಿರುಕು ಬಿಡುವದು, ಬಿರುಕಿನೊಳಗೆ ಎಣ್ಣೆ ಇಳಿಯುವದು. ತಾಸಿಗೊಮ್ಮೆ ಹೀಗೆ ಮಾಡುತ್ತ ಹೋಗಿರಿ. ಸಂಜೆ ಎಣ್ಣೆ ಬಿಟ್ಟು ಬೆಳಿಗ್ಗೆ ಕೈ ಹಾಕಿದರೆ ಇನ್ನೂ ಒಳಿತು. “ಅಷ್ಟ್ ಹೊತ್ತು ಕುಂದ್ರೂದು ಹ್ಯಾಂಗ್ರಿ, ನೀರ್ ಹೊಂಟದ” ಎನ್ನುವಿರಿ. ಒಂದು ರಾತ್ರಿ ಕೂಡಲಾರದೆ ಮೂರು ದಿನ ಕಳೆದುಕೊಳ್ಳುವದಕ್ಕಿಂತ ಒಂದು ರಾತ್ರಿ ಕೂಡುವದು ಮೇಲು.

ಈಗ ಆರು ಮೂಲೆಯ ಬಾಕ್ಸ್ ಪಾನಾ ಹಾಕಿರಿ. ತಲೆ ಸವೆದು ಸಡಿಲಾಗಿದ್ದರೆ ಒಂದು ಗುಟ್ಟು ಹೇಳುತ್ತೇನೆ: ಅದಕ್ಕಿಂತ ಒಂದು ಕೂದಲು ಸಣ್ಣ ಅಳತೆಯ ಬಾಕ್ಸನ್ನು ಸುತ್ತಿಗೆಯಿಂದ ಬಡಿದು ಕೂಡಿಸಿರಿ. ತಲೆ 13ರದಿದ್ದರೆ ಅರ್ಧ ಇಂಚಿನ ಬಾಕ್ಸು ಬಡಿದರೆ ಬಿಗಿಯಾಗಿ ಕಚ್ಚುವದು. ಬಡಿಯುವ ಬಾಕ್ಸು ಹಳೆಯದಿರಲಿ. ಬಾಕ್ಸನ್ನು ಒಂದು ಕೈಯಿಂದ ನೆಟ್ಟಗೆ ಒತ್ತಿ ಹಿಡಿದು, ಹಿಡಿಕೆಯನ್ನು ನಿಧಾನವಾಗಿ ತಿರುವಿರಿ. ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಟಕ್ ಎಂದು ಸಪ್ಪಳಾದರೆ ತುಕ್ಕು ಬಿಟ್ಟಿತೆಂದು ತಿಳಿಯಿರಿ. ಆಗಲೂ ಒಮ್ಮೆಲೆ ತಿರುವಬೇಡಿರಿ. ಕಾಲು ಸುತ್ತು ಬಿಚ್ಚಿ, ಅರೆಕಾಲು ಸುತ್ತು ಹಿಂದೆ, ಮತ್ತೆ ಎಣ್ಣೆ, ಮತ್ತೆ ಕಾಲು ಸುತ್ತು.

ಬಾಕ್ಸು ಹಿಡಿಯದಿದ್ದರೆ ಕಾನಸು ತಕ್ಕೊಂಡು ತಲೆಯ ಎದುರುಬದುರಿನ ಎರಡು ಮಗ್ಗಲು ಚಪ್ಪಟೆಯಾಗಿ ಉಜ್ಜಿ, ಒಂದು ಅಳತೆ ಸಣ್ಣ ಪಾನಾಕ್ಕೆ ಹೊಂದಿಸಿರಿ. ಬಿಗಿದು ಲಾಕ್ ಆಗುವ ಇಕ್ಕಳ, ಇಲ್ಲವೆ ಪೈಪ್ ಪಾನಾ ಇದ್ದರೆ ಅದೂ ನಡೆಯುವದು. ಅದು ಗುಂಡಾದ ತಲೆಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತದೆ. ಜಾಗ ಇಕ್ಕಟ್ಟಾಗಿದ್ದರೆ ಉಳಿಯನ್ನು ತಲೆಯ ಅಂಚಿಗೆ ಓರೆಯಾಗಿ ಇಟ್ಟು ಎಡಸುತ್ತಿಗೆ ತಿರುಗುವಂತೆ ಹೊಡೆಯಿರಿ. ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಸಿಡಿದ ಚೂರು ಕಣ್ಣಿಗೆ ಬಿದ್ದರೆ ಆ ಕಣ್ಣಿಗೆ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗಲಾರದು.

ಇಷ್ಟಕ್ಕೂ ಬಗ್ಗದಿದ್ದರೆ ಬೆಂಕಿ. ಕಾಯಿಸಬೇಕಾದದ್ದು ಬೋಲ್ಟಿನ ತಲೆಯನ್ನಲ್ಲ, ಅದರ ಸುತ್ತಲಿನ ಲೋಹವನ್ನು. ಬಂಡಿಯ ಗಾಲಿಗೆ ಹಳಿ ಹಾಕುವಾಗ ಕಮ್ಮಾರರು ಹಳಿಯನ್ನು ಕಾಯಿಸಿ ಅಗಲ ಮಾಡುವದನ್ನು ನೀವು ನೋಡಿದ್ದೀರಿ. ಇದೂ ಅದೇ ಯುಕ್ತಿ. 10 ಮಿಲಿಮೀಟರ್ ರಂಧ್ರವುಳ್ಳ ಬೀಡು ಕಬ್ಬಿಣ 200 ಡಿಗ್ರಿ ಹೆಚ್ಚು ಕಾಯ್ದರೆ ರಂಧ್ರ ಸುಮಾರು 0.02 ಮಿಲಿಮೀಟರ್ ಅಗಲವಾಗುವದು. ಅಷ್ಟೇ ಸಾಕು, ತುಕ್ಕಿನ ಹಿಡಿತ ಒಡೆಯುವದು. ಅಲ್ಯೂಮಿನಿಯಂ ಭಾಗವಿದ್ದರೆ ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವದರಿಂದ ಇನ್ನೂ ಬೇಗ ಬಿಡುವದು. ಆದರೆ ಅಲ್ಯೂಮಿನಿಯಂ ಕೆಂಪಗಾಗದೆಯೇ ಕರಗಿಬಿಡುತ್ತದೆ, ಅದಕ್ಕೆ ಉರಿಯನ್ನು ಒಂದೇ ಕಡೆ ನಿಲ್ಲಿಸಬೇಡಿರಿ. ಕಾಯ್ದ ಬೋಲ್ಟಿನ ಬುಡಕ್ಕೆ ಮೇಣದ ಬತ್ತಿ ಮುಟ್ಟಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ಹರಿಯುವದು. ಇದೂ ಒಳ್ಳೆಯ ಉಪಾಯ.

ಆದರೆ ಬೆಂಕಿ ಹಚ್ಚುವ ಮುನ್ನ ಕೆಲವು ಎಚ್ಚರಿಕೆ. ಡೀಸೆಲ್ ಟಾಕಿಯನ್ನೂ ಅದರ ಕೊಳವೆಯನ್ನೂ ಬಿಚ್ಚಿ ದೂರ ಇಡಿರಿ. ಮೊದಲು ಬಿಟ್ಟ ಎಣ್ಣೆಯನ್ನು ಒರೆಸಿ ಒಣಗಿಸಿರಿ. ಪೆಟ್ರೋಲ್ ಇಂಜಿನ್ ಇದ್ದರೆ ಹೊಲದಲ್ಲಿ ಬೆಂಕಿಯ ಮಾತೇ ಬೇಡ, ಮಿಸ್ತ್ರಿಯ ಹತ್ತಿರ ಒಯ್ಯಿರಿ. ತೊಗರಿ ಹೊಟ್ಟು, ಹತ್ತಿ ಕಟ್ಟಿಗೆಯ ಬಣವೆ ಇದ್ದಲ್ಲಿ ಕಾಯಿಸಬೇಡಿರಿ, ಪಕ್ಕದಲ್ಲಿ ಒಂದು ಬುಟ್ಟಿ ಉಸುಕು ಇಟ್ಟುಕೊಳ್ಳಿರಿ. ಸತುವಿನ ಲೇಪವುಳ್ಳ ಬೋಲ್ಟು ಕಾಯ್ದಾಗ ಏಳುವ ಬಿಳಿ ಹೊಗೆಯನ್ನು ಒಳಗೆ ಎಳೆದುಕೊಳ್ಳಬೇಡಿರಿ.

ತಲೆ ಪೂರ್ತಿ ಗುಂಡಾಗಿ ಹಿಡಿಯಲು ಏನೂ ಉಳಿಯದಿದ್ದರೆ ವೆಲ್ಡಿಂಗಿನವರನ್ನು ಕರೆಯಿರಿ. ಅವರು ತಲೆಯ ಮೇಲೆ ಒಂದು ಹೊಸ ನಟ್ಟು ಇಟ್ಟು ಅದರ ತೂತಿನೊಳಗೆ ವೆಲ್ಡ್ ತುಂಬುವರು. ಇದರಿಂದ ಹಿಡಿಯಲು ಹೊಸ ತಲೆಯೂ ಸಿಕ್ಕಿತು, ಬೋಲ್ಟಿಗೆ ಕಾವೂ ಸಿಕ್ಕಿತು. ಕೆಂಪು ಆರಿದ ಮೇಲೆ, ಇನ್ನೂ ಬಿಸಿ ಇರುವಾಗಲೇ ಹಿಂದೆ ಮುಂದೆ ಆಡಿಸಿ ಬಿಚ್ಚಿರಿ. ಮೂಲೆ ಹೋದ ಬೋಲ್ಟಿಗೆ ಇದರಷ್ಟು ನಂಬಿಕೆಯ ಉಪಾಯ ಮತ್ತೊಂದಿಲ್ಲ.

ನಾವು ಮೊದಲು ಎಣಿಸಿದ ಸಂದರ್ಭದಲ್ಲಿ ಇನ್ನೊಂದು ದಾರಿಯೂ ಇತ್ತು. ಸೈಲೆನ್ಸರ್ ಹೆಡ್ಡಿಗೇ ಕೂತಿರುವದರಿಂದ, ಜಾಗ ಬಿಟ್ಟುಕೊಟ್ಟರೆ ಸೈಲೆನ್ಸರ್ ಸಹಿತ ಹೆಡ್ಡನ್ನೇ ಎತ್ತಿ ತೆಗೆಯಬಹುದು. ಕೆಸರಿನಲ್ಲಿ ಬಗ್ಗಿ ಮಾಡುವ ಕೆಲಸವನ್ನು ನೆರಳಿನಲ್ಲಿ, ಕಟ್ಟೆಯ ಮೇಲೆ, ಎರಡೂ ಕಡೆಯಿಂದ ನೋಡುತ್ತ ಮಾಡಬಹುದು. ಸಿಟ್ಟು ಬಂದಾಗ ಇಂಥ ದಾರಿ ಕಣ್ಣಿಗೆ ಬೀಳುವದಿಲ್ಲ.

ಬೋಲ್ಟು ಮುರಿದೇ ಹೋದರೆ? ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಯಾದಗಿರಿಗೋ ಶಹಾಪುರಕ್ಕೋ ಸುರಪುರಕ್ಕೋ, ಹತ್ತಿರದ ಲೇಥ್ ಅಂಗಡಿಗೆ ಒಯ್ಯಿರಿ. ನಟ್ಟನಡುವೆ ತೂತು ಕೊರೆಯುವದು ಕೈಯಿಂದ ಆಗುವ ಕೆಲಸವಲ್ಲ. ಓರೆಯಾದರೆ ಹೆಡ್ಡಿನ ಥ್ರೆಡ್ಡೇ ಹೋಗುವದು. ಮುರಿದ ಬೋಲ್ಟು ತೆಗೆಯುವ ತಿರುಪಿನ ಸಲಕರಣೆ ಪೇಟೆಯಲ್ಲಿ ಸಿಗುವದು ನಿಜ. ಆದರೆ ಅದು ಒಳಗೆ ಮುರಿದರೆ ಸಾದಾ ಡ್ರಿಲ್ಲಿಗೆ ಬಗ್ಗುವದಿಲ್ಲ, ಅಷ್ಟು ಗಟ್ಟಿ. ಕನೆಕ್ಟಿಂಗ್ ರಾಡಿನ ಬೋಲ್ಟು, ಹೆಡ್ಡಿನ ಮುಖ್ಯ ಬೋಲ್ಟುಗಳಿಗೆ ಉಳಿ, ಬೆಂಕಿ ಎರಡೂ ಬೇಡ. ಅವುಗಳನ್ನು ತಿಳಿದ ಮಿಸ್ತ್ರಿಗೇ ಬಿಡಿರಿ.

ಬಿಚ್ಚಿದ ಹಳೆಯ ಬೋಲ್ಟನ್ನು ಮರಳಿ ಹಾಕಬೇಡಿರಿ. ಹೊಸದನ್ನು ತರುವಾಗ ಹಳೆಯದನ್ನು ಕೈಯಲ್ಲಿ ಒಯ್ಯಿರಿ. ದಪ್ಪ, ಉದ್ದ, ಥ್ರೆಡ್ಡು ಮೂರೂ ಹೊಂದಬೇಕು. ಮೆಟ್ರಿಕ್ ಬೋಲ್ಟಿನ ತಲೆಯ ಮೇಲೆ 8.8, 10.9 ಎಂದು ಅಂಕಿ ಇರುವದು. ಅದು ಅಳತೆಯಲ್ಲ, ಉಕ್ಕಿನ ಗಟ್ಟಿತನ. ಹಳೆಯದರ ಮೇಲೆ ಇದ್ದದ್ದೇ ಹೊಸದರ ಮೇಲೂ ಇರಲಿ. ಹಾಕುವ ಮುನ್ನ ರಂಧ್ರದ ಥ್ರೆಡ್ಡನ್ನು ಸ್ವಚ್ಛ ಮಾಡಿ, ಸೈಲೆನ್ಸರಿನ ಬೋಲ್ಟಾದರೆ ಕಾವು ತಡೆಯುವ ಗ್ರಾಫೈಟ್ ಇಲ್ಲವೆ ತಾಮ್ರದ ಗ್ರೀಸು ಸವರಿರಿ. ಮೊದಲ ಎರಡು ಮೂರು ಸುತ್ತು ಬೆರಳಿನಿಂದಲೇ ತಿರುವಿರಿ. ಬೆರಳಿಗೆ ತಿರುಗದಿದ್ದರೆ ಥ್ರೆಡ್ಡು ಅಡ್ಡ ಕೂತಿದೆ ಎಂದರ್ಥ.

ಎಷ್ಟು ಬಿಗಿಯಬೇಕು? ಇಂಜಿನ್ನಿನ ಪುಸ್ತಕದಲ್ಲಿ ಬರೆದಷ್ಟು. ಅಂದಾಜಿಗೆ ಹೇಳುವದಾದರೆ, 8 ಮಿಲಿಮೀಟರ್ ದಪ್ಪದ 8.8ರ ಸಾದಾ ಬೋಲ್ಟಿಗೆ ಒಂದಡಿ ಪಾನಾದ ತುದಿಯಲ್ಲಿ 8 ಕಿಲೋ ಭಾರ ಒತ್ತಿದಷ್ಟು ಬಿಗಿ ಸಾಕು. ಅದೇ ಬೋಲ್ಟಿಗೆ ಮೂರಡಿ ಪೈಪ್ ಸಿಕ್ಕಿಸಿ 60 ಕಿಲೋದ ಆಳು ಜೋತು ಬಿದ್ದರೆ ಇಪ್ಪತ್ತು ಪಟ್ಟಿಗೂ ಹೆಚ್ಚಾಯಿತು. ಮುರಿಯದೆ ಏನು ಮಾಡೀತು ಪಾಪ!

ಕಡೆಯದಾಗಿ, ಈ ಕೆಲಸಕ್ಕೆ ಸಲಕರಣೆ ಬಹಳ ಬೇಕಾಗಿಲ್ಲ. ಆರು ಮೂಲೆಯ ಬಾಕ್ಸ್ ಪಾನಾಗಳು, ತಂತಿ ಬ್ರಷ್ಷು, ಸುತ್ತಿಗೆ, ಕಾನಸು, ಎಣ್ಣೆಯ ಡಬ್ಬಿ, ಕನ್ನಡಕ, ಇಷ್ಟನ್ನು ಒಂದು ಚೀಲದಲ್ಲಿ ಹಾಕಿ ಇಂಜಿನ್ನಿನ ಹತ್ತಿರವೇ ತೂಗು ಹಾಕಿರಿ. ಸುಗ್ಗಿ ಮುಗಿದು ಬಿಡುವಿದ್ದಾಗ, ಪಾಳಿಯ ಅವಸರವಿಲ್ಲದಾಗ, ಸೈಲೆನ್ಸರಿನ ಬೋಲ್ಟುಗಳನ್ನು ಒಮ್ಮೆ ಬಿಚ್ಚಿ ಗ್ರೀಸು ಸವರಿ ಮತ್ತೆ ಹಾಕಿರಿ. ವರ್ಷಕ್ಕೊಮ್ಮೆ ಬಿಚ್ಚಿದ ಬೋಲ್ಟು ಅಡಚಣೆಯ ದಿನ ಕೈ ಕೊಡುವದಿಲ್ಲ. ಮನೆಯ ಹುಡುಗರನ್ನೂ ಹತ್ತಿರ ಕೂಡಿಸಿಕೊಂಡು ತೋರಿಸಿರಿ. ನಾಳೆ ಅವರು “ಮಾವಾ, ಪಾನಾ ಜಾರ್ಲಕತ್ತದ” ಎಂದಾಗ ನಿಮ್ಮ ಬಾಯಿಂದ “ನಿಂದ್ರೋ, ಮೊದಲ ಎಣ್ಣಿ ಬಿಡೂಣು” ಎಂಬ ಮಾತು ಬರಲಿ.