ಕೂಸಿಗೆ ಭೇದಿಯಾದಾಗ



ಎಳೆಗರುವಿಗೆ ಭೇದಿ ಹತ್ತಿದರೆ ರಾತ್ರಿಯೆಲ್ಲ ಕೊಟ್ಟಿಗೆಯಲ್ಲೇ ಕೂರುತ್ತೇವೆ. ಕೂಸಿಗೆ ಹಾಗಾದರೆ ಮಾತ್ರ, ‘ಹಲ್ಲು ಬರ್ತಾ ಇದೆ, ಬಿಡಿ’ ಅಂತೀವಿ, ನೀರನ್ನೂ ನಿಲ್ಲಿಸ್ತೀವಿ. ಅಲ್ಲೇ ಮೋಸವಾಗೋದು. ಮೈಯ ನೀರು ಬತ್ತಿಯೇ ಮಗು ಕೈಬಿಟ್ಟು ಹೋಗುವುದು.

ಎಳೆಯ ಮಕ್ಕಳ ಜೋರು ಭೇದಿಗೆ ಎಷ್ಟೋ ಸಲ ರೋಟಾ ವೈರಸ್ ಎಂಬ ಸೂಕ್ಷ್ಮಾಣು ಕಾರಣ. ಇದರ ಹನಿ ಲಸಿಕೆ 2016ರಲ್ಲಿ ದೇಶದ ಸರ್ಕಾರಿ ಲಸಿಕೆಗಳ ಸಾಲಿಗೆ ಸೇರಿತು. ಈಗ 6, 10, 14ನೇ ವಾರ ಪುಕ್ಕಟೆ.

ಭೇದಿ ಹತ್ತಿದ ಕೂಡಲೆ ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಕಾಸಿ ಆರಿಸಿದ ನೀರಿಗೆ ಬೆರೆಸಿ, ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ 10 ನಿಮಿಷ ತಡೆದು ಮತ್ತೆ ಕೊಡಿ. ಎದೆಹಾಲು ಬಿಡಿಸಬೇಡಿ. ಕಣ್ಣು ಗುಳಿಬಿದ್ದು, ಮಗು ಮಂಕಾಗಿ ಕುಡಿಯದೆ ಹೋದರೆ, ಗದ್ದೆಗೆ ನೀರು ಕಟ್ಟೋದಿದ್ದರೂ ಇರಲಿ, ಆಗಲೇ ಆಸ್ಪತ್ರೆಗೆ ಹೊರಡಿ.